ಕೇಬಲ್ ಹೆಣಿಗೆಯ ಕಾಲುಚೀಲ

ಉಣ್ಣೆಯ ನೂಲನ್ನು ಸಣ್ಣ ಕಡ್ಡಿಗಳ ಮೇಲೆ ಸುತ್ತುಸುತ್ತಾಗಿ ಹೆಣೆಯುತ್ತ, ನಿಗದಿತ ಅಂತರಕ್ಕೊಮ್ಮೆ ಕೆಲವು ಕುಣಿಕೆಗಳನ್ನು ಪಕ್ಕದ ಕುಣಿಕೆಗಳ ಮೇಲಿಂದ ದಾಟಿಸಿ, ಮೇಲ್ಮೈಯಲ್ಲಿ ಜಡೆಯಂತೆ ಉಬ್ಬಿದ ವಿನ್ಯಾಸ ಮೂಡಿಸಿದ ಕೈಹೆಣಿಗೆಯ ಸಾಕ್ಸ್. ಇದರ ನೆಲೆ ಯುರೋಪಿನ ಚಳಿನಾಡುಗಳು: ಆಸ್ಟ್ರಿಯ ಮತ್ತು ಬವೇರಿಯದ ಆಲ್ಪ್ಸ್ ಕಣಿವೆಗಳು, ಸ್ಕಾಟ್ಲೆಂಡ್, ಐರ್ಲೆಂಡ್. ಅಲ್ಲಿ ಒಂದು ಕಾಲಕ್ಕೆ ಹೊಟ್ಟೆಪಾಡಿನ ಕಸುಬಾಗಿದ್ದ ಕಾಲುಚೀಲದ ಹೆಣಿಗೆ ಈಗ ಜಗತ್ತಿನೆಲ್ಲೆಡೆ ಬಿಡುವಿನ ವೇಳೆಯ ಕುಶಲಕಲೆಯಾಗಿ ಉಳಿದಿದೆ.

ಕೇಬಲ್ ವಿನ್ಯಾಸ ಸ್ವೆಟರ್‌ಗೂ ಶಾಲಿಗೂ ಒಪ್ಪುತ್ತದೆ. ಅಲ್ಲಿ ಅದು ಶೋಭೆ. ಕಾಲುಚೀಲಕ್ಕೆ ಬಂದಾಗ ಅದೇ ಕೇಬಲ್ ಲೆಕ್ಕದ ತೊಡಕಾಗುತ್ತದೆ. ಕಾಲುಚೀಲ ಹಿಗ್ಗಬೇಕು, ಕೇಬಲ್ ಹಿಗ್ಗಗೊಡುವುದಿಲ್ಲ. ಕಣಕಾಲಿನ ಸುತ್ತಳತೆ 22 ಸೆಂ.ಮೀ. ಇರುವ ಪಾದಕ್ಕೆ, ಹಿಮ್ಮಡಿಯ ತುದಿಯಿಂದ ಪಾದದ ಮೇಲ್ಭಾಗಕ್ಕೆ ಓರೆಯಾಗಿ ಟೇಪು ಸುತ್ತಿದರೆ 30 ಸೆಂ.ಮೀ. ದಾಟುತ್ತದೆ. ಆ ಅಗಲ ಚೀಲದ ಕೊಳವೆಯೊಳಗೆ ನುಗ್ಗಿ ಹೋಗಬೇಕು; ಹೋದಮೇಲೆ ಕೊಳವೆ ಮತ್ತೆ ಕುಗ್ಗಿ ಕಾಲನ್ನು ಹಿಡಿದುಕೊಳ್ಳಬೇಕು. ಸಾದಾ ಹೆಣಿಗೆ ಇದನ್ನು ತಾನೇ ಮಾಡಿಕೊಡುತ್ತದೆ. ಕೇಬಲ್ ಇದ್ದಲ್ಲಿ ಹೆಣೆಯುವವರು ಅದಕ್ಕೆ ಮೊದಲೇ ಜಾಗ ಬಿಟ್ಟಿರಬೇಕು. ಈ ಕಸುಬಿನ ಜಾಣ್ಮೆಯೆಲ್ಲ ಇಲ್ಲಿದೆ. ಕುಣಿಕೆ ದಾಟಿಸುವುದನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ದಾಟಿಸಿದ ಮೇಲೂ ಕಾಲಿಗೆ ಏರುವ ಚೀಲವನ್ನು ಲೆಕ್ಕ ಹಾಕಿ ತೆಗೆಯುವುದಕ್ಕೆ ಅಭ್ಯಾಸ ಬೇಕು.

ಕೇಬಲಿನ ಕೆಲಸ

ಹೆಣಿಗೆಯ ಮೂಲಕ್ರಿಯೆ ಒಂದೇ: ಇರುವ ಕುಣಿಕೆಯೊಳಗಿಂದ ಹೊಸ ಕುಣಿಕೆಯನ್ನು ಎಳೆದು ತೆಗೆಯುವುದು. ಮುಂದಕ್ಕೆ ಎಳೆದರೆ ಸೀದಾ, ಹಿಂದಕ್ಕೆ ಎಳೆದರೆ ಉಲ್ಟಾ. ಸೀದಾ ಕುಣಿಕೆಗಳ ಕಂಬ ಮುಂದಕ್ಕೆ ಉಬ್ಬಿ ನಿಲ್ಲುತ್ತದೆ, ಉಲ್ಟಾ ಕುಣಿಕೆಗಳ ನೆಲ ಹಿಂದಕ್ಕೆ ಸರಿಯುತ್ತದೆ. ಕೇಬಲ್ ಎಂದರೆ ಸೀದಾ ಕಂಬಗಳು ಉಲ್ಟಾ ನೆಲದ ಮೇಲೆ ಒಂದನ್ನೊಂದು ದಾಟುವುದು. ಆರು ಕುಣಿಕೆಯ ಕೇಬಲಿನಲ್ಲಿ ಮೊದಲ ಮೂರನ್ನು ಎರಡೂ ತುದಿ ಚೂಪಾದ ಪುಟ್ಟ ಕೇಬಲ್ ಕಡ್ಡಿಗೆ ಏರಿಸಿ ಹೆಣಿಗೆಯ ಮುಂದೆ ಬಿಡುತ್ತಾರೆ. ನಂತರದ ಮೂರನ್ನು ಹೆಣೆಯುತ್ತಾರೆ. ಆಮೇಲೆ ಕಾದಿದ್ದ ಮೂರನ್ನು ಹೆಣೆಯುತ್ತಾರೆ. ಮುಂದೆ ಬಿಟ್ಟರೆ ದಾಟು ಎಡಕ್ಕೆ ವಾಲುತ್ತದೆ, ಹಿಂದೆ ಬಿಟ್ಟರೆ ಬಲಕ್ಕೆ. ಆರು ಅಥವಾ ಎಂಟು ಸುತ್ತಿಗೊಮ್ಮೆ ಇದನ್ನು ಮಾಡುತ್ತಾರೆ. ನಡುವಿನ ಸುತ್ತುಗಳೆಲ್ಲ ಸಾದಾ. ಕೈ ಪಳಗಿದವರು ಪುಟ್ಟ ಕಡ್ಡಿಯನ್ನೂ ಬಿಟ್ಟು, ಮೂರು ಕುಣಿಕೆಗಳನ್ನು ಕ್ಷಣಮಾತ್ರ ಬೆರಳಿನಿಂದಲೇ ಹಿಡಿದು ಸ್ಥಾನ ಬದಲಿಸುತ್ತಾರೆ. ಉಣ್ಣೆಯ ಕುಣಿಕೆ ಅಷ್ಟರಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಜಾರುವ ರೇಷ್ಮೆ, ಬಿದಿರಿನ ನೂಲುಗಳಿಗೆ ಈ ಧೈರ್ಯ ಸಲ್ಲದು.

ದಾಟುವ ಮೂರು ಕುಣಿಕೆಗಳು ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಎಳೆಯಲ್ಪಡುವುದರಿಂದ ಬಟ್ಟೆ ಅಡ್ಡಕ್ಕೆ ಕುಗ್ಗುತ್ತದೆ, ದಪ್ಪವಾಗುತ್ತದೆ, ನೂಲು ಹೆಚ್ಚು ತಿನ್ನುತ್ತದೆ. ದಪ್ಪವಾದ್ದರಿಂದ ಬೆಚ್ಚಗಿರುತ್ತದೆ, ಪಾದರಕ್ಷೆಯೊಳಗೆ ಅದೇ ದಪ್ಪ ಚುಚ್ಚುತ್ತದೆ. ಹಾಗಾಗಿ ಕೇಬಲನ್ನು ಕಾಲಿನ ಕೊಳವೆಗೆ ಮತ್ತು ಪಾದದ ಮೇಲ್ಭಾಗಕ್ಕೆ ಮಾತ್ರ ಇಟ್ಟು ಅಂಗಾಲನ್ನು ಸಾದಾ ಹೆಣೆಯುವುದು ಎಲ್ಲ ಕಡೆಯ ರೂಢಿ. ಅಂಗಾಲಿಗೂ ಕೇಬಲ್ ತಂದರೆ ಉಬ್ಬಿದ ಜಾಗವೇ ಮೊದಲು ಸವೆದು ತೂತಾಗುತ್ತದೆ.

ನೂಲು ಮತ್ತು ಕಡ್ಡಿ

ಕಾಲುಚೀಲಕ್ಕೆಂದೇ ತಯಾರಾಗುವ ನೂಲು ಸಾಮಾನ್ಯವಾಗಿ ನಾಲ್ಕು ಎಳೆಯದು, 75 ಭಾಗ ಉಣ್ಣೆ, 25 ಭಾಗ ನೈಲಾನ್. 100 ಗ್ರಾಂ ಉಂಡೆಯಲ್ಲಿ 400ರಿಂದ 420 ಮೀಟರ್ ಇರುತ್ತದೆ. ದೊಡ್ಡವರ ಒಂದು ಸಾದಾ ಜೊತೆಗೆ ಅದು ಸಾಕು. ಕೇಬಲ್ ತುಂಬಿದ ಉದ್ದ ಕಾಲುಚೀಲಕ್ಕೆ ಎರಡನೆಯ ಉಂಡೆ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಒದ್ದೆ ಅನ್ನಿಸುವುದಿಲ್ಲ, ಎಳೆದುಬಿಟ್ಟರೆ ಮತ್ತೆ ಮೊದಲಿನ ಅಳತೆಗೆ ಬರುತ್ತದೆ. ನೈಲಾನ್ ಸವಕಳಿ ತಡೆಯುತ್ತದೆ. ಯಂತ್ರದಲ್ಲಿ ಒಗೆಯಬಹುದಾದ ‘ಸೂಪರ್‌ವಾಶ್’ ಉಣ್ಣೆಯಲ್ಲಿ ಎಳೆಯ ಮೇಲಿನ ಹುರುಪೆಗಳನ್ನು ಕ್ಲೋರಿನ್‌ನಿಂದ ನಯಗೊಳಿಸಿ ತೆಳುವಾದ ರಾಳದ ಲೇಪ ಕೊಟ್ಟಿರುತ್ತಾರೆ. ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಳ್ಳದ ಕಾರಣ ಒಗೆದಾಗ ಬಟ್ಟೆ ಗಂಟುಗಟ್ಟಿ ಕುಗ್ಗುವುದಿಲ್ಲ. ಕೇಬಲ್ ಎದ್ದು ಕಾಣಬೇಕಾದರೆ ಹುರಿ ಬಿಗಿಯಾಗಿರುವ, ಒಂದೇ ಬಣ್ಣದ, ತಿಳಿಬಣ್ಣದ ನೂಲು ಬೇಕು. ಬಣ್ಣ ಬಣ್ಣದ ಪಟ್ಟೆ ಬರುವ ನೂಲಿನಲ್ಲಿ ಕೇಬಲ್ ಹೆಣೆದರೆ ಅಷ್ಟು ಶ್ರಮವೂ ಕಣ್ಣಿಗೆ ಬೀಳದೆ ಹೋಗುತ್ತದೆ. ಅಂಗಡಿಯಲ್ಲಿ ಅಂಥ ನೂಲು ಎಷ್ಟು ಮನ ಸೆಳೆದರೂ ಅದನ್ನು ಸಾದಾ ಸಾಕ್ಸ್‌ಗೆ ಬಿಡುವುದೇ ಸರಿ.

ಕಡ್ಡಿಗಳ ದಪ್ಪ 2.25ರಿಂದ 2.5 ಮಿ.ಮೀ. ಯುರೋಪ್ ಖಂಡದಲ್ಲಿ ಎರಡೂ ತುದಿ ಚೂಪಿನ ಐದು ಕಡ್ಡಿಗಳ ಪದ್ಧತಿ: ನಾಲ್ಕರ ಮೇಲೆ ಕುಣಿಕೆಗಳು ಕುಳಿತಿರುತ್ತವೆ, ಐದನೆಯದು ಹೆಣೆಯುತ್ತದೆ. ಬ್ರಿಟನ್ನಿನಲ್ಲಿ ನಾಲ್ಕು ಕಡ್ಡಿಗಳ ರೂಢಿ. 2001ರಲ್ಲಿ ಅಮೆರಿಕದ ಕ್ಯಾಟ್ ಬೋರ್ಡಿ ಎರಡು ವರ್ತುಲಾಕಾರದ ಕಡ್ಡಿಗಳಲ್ಲಿ ಹೆಣೆಯುವ ಬಗೆಯನ್ನು ಪುಸ್ತಕವಾಗಿ ತಂದರು. ಮರುವರ್ಷ ಬಂದ ಸಾರಾ ಹೌಶ್ಕಾ ಮತ್ತು ಬೆವ್ ಗಲೆಸ್ಕಸ್ ಅವರ ಕಿರುಹೊತ್ತಿಗೆ, ಉದ್ದ ತಂತಿಯ ಒಂದೇ ಕಡ್ಡಿಯಲ್ಲಿ ಹೆಣೆಯುವ ‘ಮ್ಯಾಜಿಕ್ ಲೂಪ್’ ಅನ್ನು ಜನಪ್ರಿಯಗೊಳಿಸಿತು. ಕೇಬಲ್ ಹೆಣೆಯುವವರಿಗೆ ಇದರಿಂದ ನಿಜವಾದ ಅನುಕೂಲವಾಯಿತು. ಪಾದದ ಮೇಲ್ಭಾಗದ ಕುಣಿಕೆಗಳೆಲ್ಲ ಒಂದೇ ಕಡೆ ಇರುವುದರಿಂದ ದಾಟು ಎರಡು ಕಡ್ಡಿಗಳ ನಡುವಿನ ಸಂದಿಗೆ ಬೀಳುವುದಿಲ್ಲ.

ಒಂದು ಜೊತೆಯ ಲೆಕ್ಕ

ಮೊದಲು ಮಾದರಿ ತುಂಡು. ಅದನ್ನು ಕೊಳವೆಯಾಗಿಯೇ ಹೆಣೆಯಬೇಕು, ಹಾಗೂ ಕೇಬಲ್ ಸೇರಿಸಿಯೇ ಹೆಣೆಯಬೇಕು. ಸಾದಾ ಚೌಕದ ಅಳತೆ ಇಲ್ಲಿ ದಾರಿ ತಪ್ಪಿಸುತ್ತದೆ. ನಾಲ್ಕೆಳೆಯ ನೂಲು 2.5 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ. ಅಗಲಕ್ಕೆ 30 ಕುಣಿಕೆ, ಅಷ್ಟೇ ಎತ್ತರಕ್ಕೆ 42 ಸುತ್ತು ಕೊಡುತ್ತದೆ. ಚೀಲವು ಕಾಲಿಗಿಂತ ಹತ್ತರಲ್ಲೊಂದು ಭಾಗ ಚಿಕ್ಕದಿದ್ದರೆ ಜಾರದೆ ನಿಲ್ಲುತ್ತದೆ. 22 ಸೆಂ.ಮೀ. ಕಾಲಿಗೆ 20 ಸೆಂ.ಮೀ. ಎಂದಿಟ್ಟುಕೊಂಡರೆ ಸಾದಾ ಸಾಕ್ಸ್‌ಗೆ 60 ಕುಣಿಕೆ. ಆರು ಕೇಬಲ್ ಇರುವ ಚೀಲಕ್ಕೆ ಅಷ್ಟು ಹಾಕಿದರೆ ಹಿಮ್ಮಡಿಯ ಬಳಿ ಸಿಕ್ಕಿಹಾಕಿಕೊಳ್ಳುತ್ತದೆ. ಒಂದೊಂದು ಕೇಬಲಿಗೆ ಎರಡು ಕುಣಿಕೆ ಕೂಡಿಸಿ 72 ಹಾಕುವುದು ಸುರಕ್ಷಿತ.

72 ಎಂಬ ಸಂಖ್ಯೆಗೆ ಇನ್ನೊಂದು ಗುಣವಿದೆ. ಮೇಲ್ತುದಿಯ ರಿಬ್ ಎರಡು ಸೀದಾ, ಎರಡು ಉಲ್ಟಾ ಎಂದು ಸುತ್ತುತ್ತದೆ; ನಾಲ್ಕರ ಗುಂಪುಗಳು ಹದಿನೆಂಟು. ಇದರ ಮೂರು ಗುಂಪು ಸೇರಿದರೆ ಹನ್ನೆರಡು ಕುಣಿಕೆ: ಎರಡು ಸೀದಾ, ಎರಡು ಉಲ್ಟಾ, ಎರಡು ಸೀದಾ, ಎರಡು ಉಲ್ಟಾ, ಎರಡು ಸೀದಾ, ಎರಡು ಉಲ್ಟಾ. ರಿಬ್ ಮುಗಿದ ಸುತ್ತಿನಲ್ಲಿ ಮೊದಲ ಉಲ್ಟಾ ಜೋಡಿಯನ್ನು ಸೀದಾ ಮಾಡಿಬಿಟ್ಟರೆ ಆರು ಸೀದಾ ಕುಣಿಕೆಗಳ ಕಂಬ ಸಿದ್ಧ; ಅದರ ಬದಿಯಲ್ಲಿ ಎರಡು ಉಲ್ಟಾ, ಎರಡು ಸೀದಾ, ಎರಡು ಉಲ್ಟಾ ಇದ್ದ ಹಾಗೇ ಇಳಿಯುತ್ತವೆ. ಕೇಬಲ್ ರಿಬ್‌ನೊಳಗಿಂದಲೇ ಹೊರಟುಬಂದಂತೆ ಕಾಣುತ್ತದೆ. ಒಳ್ಳೆಯ ವಿನ್ಯಾಸಕಾರರನ್ನು ಗುರುತಿಸುವುದು ಇಂಥ ಕಡೆ. ರಿಬ್ ಒಂದು ಕಡೆ, ಕೇಬಲ್ ಇನ್ನೊಂದು ಕಡೆ ಕಡಿದು ಅಂಟಿಸಿದಂತಿರುವ ಕಾಲುಚೀಲದಲ್ಲಿ ಯಾರೋ ಲೆಕ್ಕ ಮಾಡದೆ ಬಿಟ್ಟದ್ದು ಕಾಣುತ್ತದೆ. ಕೇಬಲಿನ ನಡುವೆ ಉಳಿಸಿಕೊಂಡ ಆ ರಿಬ್ ಪಟ್ಟಿಗಳೇ ಕೊಳವೆಗೆ ಹಿಗ್ಗುವ ಶಕ್ತಿಯನ್ನೂ ಕೊಡುತ್ತವೆ.

ಕಾಲಿನ ಭಾಗ 72 ಸುತ್ತು ಇಳಿದರೆ, ಎಂಟು ಸುತ್ತಿಗೊಂದು ದಾಟಿನಂತೆ ಒಂದು ಕೇಬಲಿಗೆ ಒಂಬತ್ತು ದಾಟು. ನಂತರ ಬರುವುದು ಹಿಮ್ಮಡಿ. ಹೆಣಿಗೆಯ ಇಡೀ ಜ್ಯಾಮಿತಿಯಲ್ಲಿ ಇದಕ್ಕಿಂತ ಚೆಲುವಾದ ಉಪಾಯ ಇನ್ನೊಂದಿಲ್ಲ. ಕೊಳವೆಯನ್ನು ಕತ್ತರಿಯಿಲ್ಲದೆ, ಹೊಲಿಗೆಯಿಲ್ಲದೆ ಲಂಬಕೋನಕ್ಕೆ ತಿರುಗಿಸಬೇಕು.

72ರಲ್ಲಿ 36 ಕುಣಿಕೆ ಪಾದದ ಮೇಲ್ಭಾಗಕ್ಕೆಂದು ಸುಮ್ಮನೆ ಕಾಯುತ್ತವೆ. ಉಳಿದ 36ರ ಮೇಲೆ ಕೇಬಲ್ ನಿಲ್ಲುತ್ತದೆ; ಕೇಬಲ್ ನಿಂತ ಕೂಡಲೇ ಬಟ್ಟೆ ಅಗಲವಾಗುವುದರಿಂದ ನಾಲ್ಕನ್ನು ಜೋಡಿಯಾಗಿ ಹೆಣೆದು ಕಳೆದು 32ಕ್ಕೆ ಇಳಿಸುತ್ತಾರೆ. ಈ 32ರ ಮೇಲೆ ಹೋಗುತ್ತ ಬರುತ್ತ 32 ಸಾಲಿನ ಪಟ್ಟಿ. ಸೀದಾ ಬದಿಯಲ್ಲಿ ಒಂದು ಕುಣಿಕೆ ಹೆಣೆದು ಒಂದನ್ನು ಹೆಣೆಯದೆ ಜಾರಿಸುವುದರಿಂದ ಪಟ್ಟಿ ಎರಡು ಪದರದಷ್ಟು ದಪ್ಪವಾಗಿ ಪಾದರಕ್ಷೆಯ ಉಜ್ಜನ್ನು ತಾಳಿಕೊಳ್ಳುತ್ತದೆ. ಆಮೇಲೆ ತಿರುವು: 18 ಹೆಣೆದು, ಎರಡನ್ನು ಸೇರಿಸಿ ಒಂದು ಮಾಡಿ, ಇನ್ನೊಂದು ಹೆಣೆದು, ಹನ್ನೊಂದನ್ನು ಹಾಗೇ ಬಿಟ್ಟು ಹಿಂದಿರುಗಬೇಕು. ಉಲ್ಟಾ ಬದಿಯಲ್ಲೂ ನಡುವಿನ ಕೆಲವನ್ನು ಹೆಣೆದು, ಎರಡನ್ನು ಸೇರಿಸಿ, ಇನ್ನೊಂದು ಹೆಣೆದು, ಆ ಕಡೆಯೂ ಹನ್ನೊಂದು ಬಿಟ್ಟು ಹಿಂದಿರುಗಬೇಕು. ಅಲ್ಲಿಂದ ಮುಂದೆ ಪ್ರತಿ ಸಾಲೂ ಬಿಟ್ಟ ಕುಣಿಕೆಗಳಲ್ಲಿ ಎರಡೆರಡನ್ನು ಒಳಗೆ ಸೇರಿಸಿಕೊಳ್ಳುತ್ತ ಹೋಗುತ್ತದೆ. ಕೊನೆಗೆ 18 ಉಳಿಯುತ್ತವೆ, ಕೈಯಲ್ಲಿ ಹಿಮ್ಮಡಿ ಕೂರುವಂಥ ಬಟ್ಟಲು ಮೂಡಿರುತ್ತದೆ. ಮೊದಲ ಸಲ ಹೆಣೆಯುವವರು ಸೂಚನೆಯನ್ನು ನಂಬದೆ ನಡುವೆ ನಿಲ್ಲುವುದು ಇಲ್ಲೇ. ಕಾಗದದ ಮೇಲೆ ಅರ್ಥವಾಗದ್ದು ಕಡ್ಡಿಯ ಮೇಲೆ ಐದಾರು ಸಾಲಿನಲ್ಲಿ ಸ್ಪಷ್ಟವಾಗುತ್ತದೆ.

ಪಟ್ಟಿಯ ಎರಡು ಅಂಚುಗಳಿಂದ 16 ಮತ್ತು 16 ಕುಣಿಕೆ ಎತ್ತಿಕೊಂಡು, ಕಾಯುತ್ತಿದ್ದ 36ನ್ನು ಸೇರಿಸಿದರೆ ಒಟ್ಟು 86. ಎರಡು ಸುತ್ತಿಗೊಮ್ಮೆ ಎರಡೂ ಬದಿಯಲ್ಲಿ ಒಂದೊಂದು ಕಳೆಯುತ್ತ 18 ಸುತ್ತಿನಲ್ಲಿ 68ಕ್ಕೆ ಬರುತ್ತದೆ: ಮೇಲೆ ಕೇಬಲಿನ 36, ಕೆಳಗೆ ಅಂಗಾಲಿನ ಸಾದಾ 32. ಈ ಇಳಿಜಾರಿನ ತ್ರಿಕೋನಕ್ಕೆ ಗಸೆಟ್ ಎನ್ನುತ್ತಾರೆ. ಬೆರಳುಗಳ ಬಳಿ ಕೇಬಲ್ ನಿಲ್ಲಿಸಿ 64ಕ್ಕೆ ಇಳಿಸಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ನಾಲ್ಕು ಕುಣಿಕೆ ಕಳೆದು 32ಕ್ಕೆ, ನಂತರ ಪ್ರತಿ ಸುತ್ತಿನಲ್ಲೂ ಕಳೆದು 16ಕ್ಕೆ ಬಂದಾಗ ಎಂಟೆಂಟನ್ನು ಎದುರುಬದುರಾಗಿಟ್ಟು ದಪ್ಪ ಸೂಜಿಯಿಂದ ಹೆಣಿಗೆಯ ದಾರಿಯಲ್ಲೇ ನೂಲು ಹಾಯಿಸಿ ಮುಚ್ಚುತ್ತಾರೆ. ಬೆರಳಿಗೆ ಒತ್ತುವ ಏಣು ಉಳಿಯುವುದಿಲ್ಲ. ಇಷ್ಟಾಗುವಾಗ ಒಂದು ಚೀಲದಲ್ಲಿ ಸುಮಾರು 12,000 ಕುಣಿಕೆಗಳು ಕೈದಾಟಿರುತ್ತವೆ.

ಬೆರಳಿನಿಂದ ಆರಂಭಿಸಿ ಮೇಲಕ್ಕೆ ಹೆಣೆಯುವ ಕ್ರಮವೂ ಇದೆ. ಕಾಲಿಗೆ ಹಾಕಿ ನೋಡುತ್ತ ಹೋಗಬಹುದು, ನೂಲು ಮುಗಿದಲ್ಲಿ ನಿಲ್ಲಿಸಬಹುದು. ಎಲಿಜಬೆತ್ ಝಿಮ್ಮರ್‌ಮನ್ (1910–1999) ಪ್ರಚಾರಕ್ಕೆ ತಂದ ಇನ್ನೊಂದು ವಿಧಾನದಲ್ಲಿ ಇಡೀ ಚೀಲವನ್ನು ನೇರ ಕೊಳವೆಯಾಗಿ ಹೆಣೆದು, ಆಮೇಲೆ ಒಂದು ಎಳೆ ಕತ್ತರಿಸಿ ಅಲ್ಲಿ ಹಿಮ್ಮಡಿ ಇಡುತ್ತಾರೆ. ಕೇಬಲಿನ ಓಟವನ್ನು ನಡುವೆ ಮುರಿಯದೆ ಹೆಣೆಯಲು ಇದು ಅನುಕೂಲ. ಆದರೆ ಎತ್ತರದ ಪಾದಬೆನ್ನಿನವರಿಗೆ ಪಟ್ಟಿ ಮತ್ತು ಗಸೆಟ್ ಇರುವ ಹಳೆಯ ಹಿಮ್ಮಡಿಯಷ್ಟು ಹಿತವಾದದ್ದು ಬೇರೆ ಇಲ್ಲ.

ಜೊತೆ ಎಂದಮೇಲೆ ಎರಡನೆಯದೂ ಬೇಕು. ಬಲಗಾಲಿನ ಕೇಬಲ್ ಬಲಕ್ಕೆ ವಾಲಿದರೆ ಎಡಗಾಲಿನದು ಎಡಕ್ಕೆ ವಾಲುವಂತೆ ಕನ್ನಡಿಬಿಂಬವಾಗಿ ಹೆಣೆಯುವುದು ಅಚ್ಚುಕಟ್ಟು. ಒಂದು ಮುಗಿಸಿ ಇನ್ನೊಂದಕ್ಕೆ ಕೈಹಚ್ಚದೆ ಉಳಿಯುವವರು ಎಲ್ಲ ಕಡೆಯೂ ಇರುವುದರಿಂದ, ಎರಡನ್ನೂ ಒಂದೇ ಉದ್ದ ಕಡ್ಡಿಯಲ್ಲಿ ಅಕ್ಕಪಕ್ಕ ಹೆಣೆಯುವ ಪದ್ಧತಿ ಬೆಳೆದಿದೆ. ಒಂದರೊಳಗೊಂದು ಇರುವಂತೆ ಎರಡು ಕಾಲುಚೀಲಗಳನ್ನು ಏಕಕಾಲಕ್ಕೆ ಹೆಣೆಯುವ ಅಪರೂಪದ ಕೌಶಲ್ಯವೂ ಉಂಟು. ಟಾಲ್‌ಸ್ಟಾಯ್ ‘ಯುದ್ಧ ಮತ್ತು ಶಾಂತಿ’ ಕಾದಂಬರಿಯಲ್ಲಿ ದಾದಿ ಅನ್ನಾ ಮಕಾರೊವ್ನಾ ಮಕ್ಕಳ ಮುಂದೆ ಒಂದರೊಳಗಿಂದ ಇನ್ನೊಂದನ್ನು ಹೊರತೆಗೆಯುತ್ತಾಳೆ.

ಇತಿಹಾಸ

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ, ಹೆಬ್ಬೆರಳಿಗೆ ಬೇರೆ ಗೂಡಿರುವ ಕೆಂಪು ಉಣ್ಣೆಯ ಕಾಲುಚೀಲಗಳು ಲಂಡನ್ನಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ, ಕಾಲ ಕ್ರಿ.ಶ. 250–420. ಅವು ಒಂಟಿ ಸೂಜಿಯ ಕೆಲಸ, ಇಂದಿನ ಅರ್ಥದ ಹೆಣಿಗೆಯಲ್ಲ. ನಿಜವಾದ ಹೆಣಿಗೆಯ ಉಳಿದಿರುವ ಹಳೆಯ ಮಾದರಿಗಳೂ ಈಜಿಪ್ಟಿನವೇ: ಮಧ್ಯಯುಗದ, ನೀಲಿ ಮತ್ತು ಬಿಳಿ ಹತ್ತಿಯ ಕಾಲುಚೀಲಗಳು. ಯುರೋಪಿನಲ್ಲಿ, 1562ರಲ್ಲಿ ತೀರಿಕೊಂಡ ಫ್ಲಾರೆನ್ಸಿನ ಡಚೆಸ್ ಟೊಲೆಡೊದ ಎಲಿಯೊನೊರಾಳ ಸಮಾಧಿಯಲ್ಲಿ ಸಿಕ್ಕಿದ ರೇಷ್ಮೆಯ ಕಾಲುಚೀಲಗಳಲ್ಲಿ ಸೀದಾ–ಉಲ್ಟಾ ಕುಣಿಕೆಗಳ ಉಬ್ಬುವಿನ್ಯಾಸ ಆಗಲೇ ಪಕ್ವವಾಗಿತ್ತು.

ಆ ಶತಮಾನದಿಂದ ಮುಂದೆ ಕಾಲುಚೀಲ ದೊಡ್ಡ ವ್ಯಾಪಾರದ ಸರಕು. ಜೆರ್ಸಿ ದ್ವೀಪದಲ್ಲಿ ಎಲ್ಲರೂ ಹೆಣೆಯಲು ಕೂತು ಹೊಲದ ಕೆಲಸಕ್ಕೆ ಆಳು ಸಿಗದಂತಾದಾಗ, 1608ರಲ್ಲಿ, ಸುಗ್ಗಿಯ ಕಾಲದಲ್ಲಿ 15 ವರ್ಷ ಮೀರಿದವರು ಹೆಣೆಯಕೂಡದೆಂದು ಕಾಯಿದೆಯೇ ಬಂತು. ಶೆಟ್ಲೆಂಡ್ ದ್ವೀಪದ ಹೆಂಗಸರು ಡಚ್ ಮೀನುಗಾರರಿಗೆ ಕಾಲುಚೀಲ ಮಾರುತ್ತಿದ್ದರು. ಯಾರ್ಕ್‌ಶೈರಿನ ಡೆಂಟ್ ಕಣಿವೆಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ನಡೆಯುತ್ತಲೂ ಹೆಣೆಯುತ್ತಿದ್ದರು. ಇವರ ಕೂಲಿ ಬಹಳ ಕಡಿಮೆಯಿತ್ತು, ಹೆಸರುಗಳು ಹೆಚ್ಚಾಗಿ ಉಳಿದಿಲ್ಲ. ಹೆಣಿಗೆಯ ಚರಿತ್ರೆ ಎಂದರೆ ಬಹುಮಟ್ಟಿಗೆ ಇಂಥವರ ದುಡಿಮೆಯ ಚರಿತ್ರೆ. ವಿನ್ಯಾಸಗಳ ಸೊಗಸನ್ನು ಹೊಗಳುವಾಗ ಇದನ್ನು ಮರೆಯುವಂತಿಲ್ಲ. 1589ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ವಿಲಿಯಂ ಲೀ ಹೆಣಿಗೆಯ ಚೌಕಟ್ಟು ಯಂತ್ರ ಮಾಡಿದ ಮೇಲೆ ಸಾದಾ ಕಾಲುಚೀಲ ಮೆಲ್ಲಮೆಲ್ಲನೆ ಯಂತ್ರದ ಪಾಲಾಯಿತು. ಕುಣಿಕೆಗಳ ಸ್ಥಾನ ಬದಲಿಸುವ ಕೆಲಸ ಯಂತ್ರಕ್ಕೆ ಸಲೀಸಲ್ಲದ್ದರಿಂದ ಕೇಬಲ್ ಕೈಯಲ್ಲೇ ಉಳಿಯಿತು.

ಕೇಬಲ್ ಕಾಲುಚೀಲದ ಶ್ರೇಷ್ಠ ಪರಂಪರೆ ಆಲ್ಪ್ಸ್‌ನದು. ಆಸ್ಟ್ರಿಯದ ಸ್ಟಿರಿಯ ಪ್ರಾಂತದ ಎನ್ಸ್ ಕಣಿವೆಯಲ್ಲಿ, ಮೊಣಕಾಲಿನವರೆಗಿನ ಚಲ್ಲಣದ ಕೆಳಗೆ ಕಾಣುವ ಉದ್ದ ಕಾಲುಚೀಲಗಳ ಮೇಲೆ ಒಂದೊಂದೇ ಕುಣಿಕೆಯ ತೆಳು ಗೆರೆಗಳು ಹೊರಳುತ್ತ, ಕೂಡುತ್ತ, ಅಗಲುತ್ತ ಸಾಗುತ್ತವೆ. ಇಲ್ಲಿನ ಸೀದಾ ಕುಣಿಕೆಗಳನ್ನು ಹಿಂದಿನ ಎಳೆಯಿಂದ ತಿರುಚಿ ಹೆಣೆಯುತ್ತಾರೆ. ಗೆರೆ ಕೆತ್ತಿದಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ದಾಟು ಎಂಟು ಸುತ್ತಿಗೊಮ್ಮೆ ಬರುವ ಬದಲು ಸುತ್ತುಸುತ್ತಿಗೂ ಬರಬಹುದು. ವಿನ್ಯಾಸಗಳಿಗೆ ಪುಟ್ಟ ಕಿಟಕಿ, ಸಣ್ಣ ಸರಪಳಿ, ಉರಿವ ಪ್ರೀತಿ ಎಂಬಂಥ ಹೆಸರುಗಳು. ಹೆಂಗಸರು ಮಾದರಿಗಳನ್ನು ಒಂದರ ಕೆಳಗೊಂದು ಉದ್ದ ಪಟ್ಟಿಯಾಗಿ ಹೆಣೆದು ಸುತ್ತಿಟ್ಟುಕೊಳ್ಳುತ್ತಿದ್ದರು. ಪುಸ್ತಕವಿಲ್ಲದ ಮನೆಯಲ್ಲಿ ಅದೇ ಪುಸ್ತಕ. ಬವೇರಿಯದಲ್ಲಿ ಲಿಸ್ಲ್ ಫಾಂಡರ್ಲ್, ಎನ್ಸ್ ಕಣಿವೆಯಲ್ಲಿ ಮರಿಯಾ ಎರ್ಲ್‌ಬಾಖರ್ ಇಂಥ ಮಾದರಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸದಿದ್ದರೆ ಅರ್ಧಕ್ಕರ್ಧ ಮರೆಯಾಗುತ್ತಿದ್ದವು. ಬವೇರಿಯದಲ್ಲಿ ಪಾದವೇ ಇಲ್ಲದೆ ಮೀನಖಂಡವನ್ನಷ್ಟೇ ಮುಚ್ಚುವ ‘ಲೋಫರ್ಲ್’ ಎಂಬ ಕೇಬಲ್ ಚೀಲವೂ ಬಳಕೆಯಲ್ಲಿದೆ, ಚರ್ಮದ ಚಲ್ಲಣದ ಜೊತೆ ತೊಡುತ್ತಾರೆ. ಸ್ಕಾಟ್ಲೆಂಡಿನ ಕಿಲ್ಟ್ ಜೊತೆಯ ಕಾಲುಚೀಲದಲ್ಲಿ ಕೇಬಲಿನ ಶೃಂಗಾರ ಮಡಚಿದ ಮೇಲ್ತುದಿಗೆ ಸೇರಿದ್ದು. ಮಡಚಿದಾಗ ಒಳಬದಿ ಹೊರಬರುವುದರಿಂದ ಆ ಭಾಗವನ್ನು ತಿರುಗುಮುರುಗಾಗಿ ಹೆಣೆಯಬೇಕು.

ಐರ್ಲೆಂಡಿನ ಅರಾನ್ ದ್ವೀಪಗಳ ಹೆಸರು ಕೇಬಲಿಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಒಂದೊಂದು ಕುಲಕ್ಕೂ ಒಂದೊಂದು ಕೇಬಲ್ ವಿನ್ಯಾಸವಿತ್ತು, ಕಡಲಲ್ಲಿ ಮುಳುಗಿದವರನ್ನು ಅದರಿಂದಲೇ ಗುರುತಿಸುತ್ತಿದ್ದರು ಎಂಬ ಮಾತು ಪ್ರವಾಸಿ ಅಂಗಡಿಗಳಲ್ಲೆಲ್ಲ ಕೇಳಿಬರುತ್ತದೆ. ಆದರೆ ಅರಾನ್ ಸ್ವೆಟರ್ 20ನೇ ಶತಮಾನದ ಆರಂಭದ ಸೃಷ್ಟಿ ಎಂದು ಆಲಿಸ್ ಸ್ಟಾರ್‌ಮೋರ್ 1997ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಕುಲದ ಕಥೆಯ ಬೇರು ಜೆ. ಎಂ. ಸಿಂಜ್ ಅವರ ‘ರೈಡರ್ಸ್ ಟು ದಿ ಸೀ’ ನಾಟಕದಲ್ಲಿದೆ. ಡಬ್ಲಿನ್ನಿನಲ್ಲಿ ಅದು ರಂಗಕ್ಕೆ ಬಂದದ್ದು 1904ರಲ್ಲಿ. ಅಲ್ಲಿ ತಂಗಿ ತೀರಿಹೋದ ಅಣ್ಣನನ್ನು ಗುರುತಿಸುವುದು ಸ್ವೆಟರಿನಿಂದಲೂ ಅಲ್ಲ, ಕೇಬಲಿನಿಂದಲೂ ಅಲ್ಲ. ತಾನೇ ಹೆಣೆದ ಕಾಲುಚೀಲದ ಕುಣಿಕೆ ಎಣಿಸಿ: 60 ಹಾಕಿದ್ದೆ, ನಾಲ್ಕು ಬಿಟ್ಟುಹೋಗಿದ್ದವು ಎಂದು. ಹೆಣಿಗೆ ಬಲ್ಲವರಿಗೆ ಈ ವಿವರ ಕುಲಚಿಹ್ನೆಯ ಕಥೆಗಿಂತ ಹೆಚ್ಚು ನಿಜವೆನಿಸುತ್ತದೆ. ತನ್ನ ಕೈಯ ಲೆಕ್ಕವನ್ನು ಹೆಣೆದವರು ಮರೆಯುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಕಂದಕದ ಕೆಸರುನೀರಿನಲ್ಲಿ ಪಾದ ಕೊಳೆಯುವ ರೋಗ ಹರಡಿದಾಗ ಒಣ ಕಾಲುಚೀಲ ಔಷಧಿಯಷ್ಟೇ ಮುಖ್ಯವಾಯಿತು. ಬ್ರಿಟನ್ ಮತ್ತು ಅಮೆರಿಕದಲ್ಲಿ ರೆಡ್ ಕ್ರಾಸ್ ಮೂಲಕ ಮನೆಮನೆಯಲ್ಲಿ ಹೆಣೆಸಿದರು. ಅವೆಲ್ಲ ಸಾದಾ ಚೀಲಗಳು. ಬೆರಳ ತುದಿಯನ್ನು ಏಣಿಲ್ಲದೆ ಮುಚ್ಚುವ, ಮೇಲೆ ಹೇಳಿದ ಹೊಲಿಗೆಗೆ ಬ್ರಿಟನ್ನಿನ ಯುದ್ಧಮಂತ್ರಿ ಕಿಚನರ್ ಹೆಸರು ಅಂಟಿಕೊಂಡದ್ದು ಈ ಕಾಲದ ನೆನಪಿನಿಂದ. ನಂತರ 1968ರಲ್ಲಿ ಬಾರ್ಬರಾ ವಾಕರ್ ಅವರ ವಿನ್ಯಾಸಕೋಶ ಕೇಬಲುಗಳನ್ನು ಒಂದೆಡೆ ತಂದಿತು. ಜಪಾನ್ ಹೆಣಿಗೆಯ ಚಿಹ್ನೆಗಳಿಗೆ ರಾಷ್ಟ್ರೀಯ ಮಾನಕವನ್ನೇ ರೂಪಿಸಿದ್ದರಿಂದ ಅಲ್ಲಿನ ನಕ್ಷೆಗಳನ್ನು ಭಾಷೆ ಬಾರದವರೂ ಓದಿ ಹೆಣೆಯುತ್ತಾರೆ.

ಭಾರತದಲ್ಲಿ ಕೈಹೆಣಿಗೆಯ ಕಾಲುಚೀಲ ಹಿಮಾಲಯದ ಮನೆಗೆಲಸ. ಲಾಹೌಲ್ ಕಣಿವೆಯ ಬಣ್ಣದ ವಿನ್ಯಾಸದ ಸಾಕ್ಸ್ ಮತ್ತು ಕೈಗವಸುಗಳಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆತಿದೆ. ಅಲ್ಲಿನ ಸೊಬಗು ಬಣ್ಣದ್ದು, ಕೇಬಲಿನದಲ್ಲ. ಕರ್ನಾಟಕದ ಡೆಕ್ಕನಿ ಕುರಿಯ ಒರಟು ಉಣ್ಣೆ ಕಂಬಳಿಗೆ ಹೇಳಿಮಾಡಿಸಿದ್ದು, ಪಾದಕ್ಕೆ ಒಗ್ಗುವುದಿಲ್ಲ. ನಮ್ಮ ಮನೆಗಳಲ್ಲಿ ಉಲ್ಲನ್ ಕಡ್ಡಿ ಹಿಡಿದವರು ಹೆಚ್ಚಾಗಿ ಸ್ವೆಟರ್, ಕೂಸಿನ ಕುಲಾವಿ, ಕೂಸಿನ ಕಾಲುಚೀಲಗಳಲ್ಲಿ ಕೈ ಪಳಗಿಸಿಕೊಂಡವರು. ಅಂಗಡಿಯಲ್ಲಿ ಅವರಿಗೆ ಸಿಗುವ ‘ಉಲ್ಲನ್’ ಬಹುಪಾಲು ಅಕ್ರಿಲಿಕ್. ಅದು ಬೆವರು ಹೀರುವುದಿಲ್ಲವಾದ್ದರಿಂದ ದೊಡ್ಡವರ ಕಾಲುಚೀಲಕ್ಕೆ ಉಣ್ಣೆ ಬೆರೆತ ನೂಲನ್ನು ಹುಡುಕಿ ತರುವುದು ಮೇಲು. ಕೂಸಿನ ಕಾಲುಚೀಲ ಹೆಣೆದ ಕೈಗೆ ಹಿಮ್ಮಡಿಯ ತಿರುವು ಹೊಸದಲ್ಲ, ಕೇಬಲನ್ನು ಸೇರಿಸಿಕೊಳ್ಳುವುದಷ್ಟೇ ಬಾಕಿ.

ಪಾಲನೆ

ಉಗುರುಬೆಚ್ಚಗಿನ ನೀರಲ್ಲಿ ಒಗೆದು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಪಾದದಾಕಾರದ ಹಲಗೆಗೆ ಏರಿಸಿ ಒಣಗಿಸಿದರೆ ಕೇಬಲ್ ಗರಿಗೆದರುತ್ತದೆ. ಇಸ್ತ್ರಿ ಮಾಡಿದರೆ ಚಪ್ಪಟೆಯಾಗುತ್ತದೆ. ಅಂಗಾಲು ತೆಳುವಾದ ಕೂಡಲೇ, ತೂತು ಬೀಳುವ ಮುಂಚೆಯೇ ಅದೇ ನೂಲಿನಿಂದ ರಫು ಮಾಡಬೇಕು. ಅದಕ್ಕಾಗಿ ಉಳಿಕೆ ನೂಲನ್ನು ಎತ್ತಿಡುವುದು ವಾಡಿಕೆ. ಅಂಗಾಲು ಪೂರ್ತಿ ಸವೆದರೆ ಹಿಂದಿನವರು ಚೀಲ ಎಸೆಯುತ್ತಿರಲಿಲ್ಲ. ಹಿಮ್ಮಡಿ ಆರಂಭವಾಗುವುದಕ್ಕೆ ತುಸು ಮೊದಲು ಒಂದು ಎಳೆ ಕತ್ತರಿಸಿ, ಪಾದವನ್ನು ಬೇರ್ಪಡಿಸಿ, ಬಿಚ್ಚಿಕೊಂಡ 72 ಕುಣಿಕೆಗಳನ್ನು ಕಡ್ಡಿಗೆ ಏರಿಸಿ, ಕೇಬಲಿನ ಹಳೆಯ ಕೊಳವೆಗೆ ಹೊಸ ಹಿಮ್ಮಡಿ, ಹೊಸ ಪಾದ ಹೆಣೆದುಕೊಳ್ಳುತ್ತಿದ್ದರು. ಮೇಲಿನಿಂದ ಕೆಳಕ್ಕೆ ಹೆಣೆದ ಚೀಲದಲ್ಲಿ ಮಾತ್ರ ಇದು ಸಲೀಸು. ಬೆರಳಿನಿಂದ ಆರಂಭಿಸಿದ್ದರಲ್ಲಿ ಕುಣಿಕೆಗಳು ತಲೆಕೆಳಗಾಗಿ ನಿಂತು ಕೇಬಲ್ ಅರ್ಧ ಕುಣಿಕೆಯಷ್ಟು ಪಕ್ಕಕ್ಕೆ ಜರುಗುತ್ತದೆ.